ತೇಮಾನು

ಈ ಲೆಕ್ಕದ ಪುಸ್ತಕ ಎರಡು ಕಡೆಯಿಂದ ತೆರೆಯುತ್ತದೆ.
ಬಲದಿಂದ ತೆರೆದರೆ ನಾಖುದಾನ ಅರಬ್ಬಿ:
ಅಕ್ಕಿ, ಖರ್ಜೂರ, ಹಗ್ಗ, ಮೇಣ, ಮುಂಗಡ.
ಎಡದಿಂದ ತೆರೆದರೆ ನನ್ನ ಕನ್ನಡ,
ಗಂಗೊಳ್ಳಿಯ ಐಗಳು ಮರಳಲ್ಲಿ ಬೆರಳು ಹಿಡಿದು ತಿದ್ದಿಸಿದ್ದು.
ರಾಸ್ ಅಲ್ ಖೈಮಾದ ಈ ದಂಡೆಯಲ್ಲಿ ಅದನ್ನು ಓದಬಲ್ಲವನು
ನಾನೊಬ್ಬನೇ. ಇದಕ್ಕಿಂತ ಭದ್ರವಾದ ಬೀಗ
ಇಡೀ ಊರಿನಲ್ಲಿಲ್ಲ.

ಹಡಗಿನಲ್ಲಿ ಹದಿನೆಂಟು ಮುಳುಗಾಳು.
ಏಳು ಜನ ಸಾಲಕ್ಕೆ, ಹನ್ನೊಂದು ಜನ ಕ್ರಯಕ್ಕೆ.
ಅಂಗಡಿಯ ಸರಕಿನ ಹೆಸರೇ ಕ್ರಯದವರಿಗೆ:
ಅಲ್ಮಾಸ್ ಅಂದರೆ ವಜ್ರ, ಜುಮುರ್ರುದ್ ಪಚ್ಚೆ.
ಮಕ್ರಾನಿನಿಂದ ಕದ್ದು ತಂದ ಹುಡುಗನಿಗೆ ಮಾತ್ರ
ಮನೆಯ ಹೆಸರು ಉಳಿದಿದೆ. ಶಂಬೆ. ಶನಿವಾರ ಎಂದರ್ಥ.
ಎಲ್ಲಿಗೆ ಮಾರಿದರೂ ವಾರಕ್ಕೊಮ್ಮೆ
ಹುಡುಕಿಕೊಂಡು ಬರುತ್ತದೆ ಎಂದು ನಗುತ್ತಾನೆ.

ಸಂಜೆಗೆ ತಪಾಸಣೆ: ಬಾಯಿ, ಕಂಕುಳು, ಕೂದಲು,
ಮುತ್ತು ಕದ್ದರೋ ಎಂದು.
ಕಡಲ ತಳವನ್ನು ಯಾರೂ ತಪಾಸಣೆ ಮಾಡುವುದಿಲ್ಲ.

ಚಿಪ್ಪು ಬಿಡಿಸುವ ಚೂರಿ. ಬಾಗಿದ್ದು, ಒಂದು ಗೇಣು.
ಅಲ್ಮಾಸ್ ಕಾಲಿಗೆ ಕಲ್ಲು ಕಟ್ಟಿಕೊಂಡು ಇಳಿದಾಗ ಸೊಂಟದಲ್ಲಿತ್ತು;
ಮೇಲೆ ಬಂದಾಗ ಬುಟ್ಟಿ ತುಂಬಿತ್ತು, ಸೊಂಟ ಬರಿದು.
ಅವನು ನನ್ನನ್ನು ನೋಡಿದ. ನಾನು ಪುಸ್ತಕ ನೋಡಿದೆ.
ಎಡಗಡೆಯಿಂದ ತೆರೆದು ಬರೆದೆ:
ಚೂರಿ ೧, ತೇಮಾನು.

ಅಕ್ಕಸಾಲಿ ಚಿನ್ನಕ್ಕೆ ಹೇಳುವ ಮಾತು.
ಕಬ್ಬಿಣಕ್ಕೂ ಸಲ್ಲುತ್ತದೆಂದು ಅಂದು ತಿಳಿಯಿತು.

ಉಪ್ಪುನೀರು ತಿನ್ನದೆ ಬಿಟ್ಟೀತೇ?
ಅದಕ್ಕೆ ತುಫ್ಫಾಹಾ ಇದ್ದಳು, ಹಡಗಿಗೆ ಬಳಿಯಲು
ನಾಖುದಾನ ಹಿತ್ತಿಲಲ್ಲಿ ತಾಟೆಮೀನಿನ ಈಲಿ ಕರಗಿಸುವವಳು.
ಆ ನಾತಕ್ಕೆ ಕಾವಲಿನವನು ಬೇಲಿಯಾಚೆಗೇ.
ಖರ್ಜೂರದ ನಾರನ್ನು ಎಣ್ಣೆಯಲ್ಲಿ ಅದ್ದಿ
ಒಂದೊಂದು ಚೂರಿಗೂ ಸುತ್ತುತ್ತಿದ್ದಳು, ಕೂಸಿಗೆ ಸುತ್ತುವ ಹಾಗೆ.
ಅವಳ ಕೂಸು ಬುರೈಮಿಗೆ ಮಾರಾಟವಾದದ್ದು ಹೋದ ವರ್ಷ.
ಅದನ್ನು ಅವಳು ಹೇಳಲಿಲ್ಲ.
ಬಲಗಡೆಯಿಂದ ತೆರೆದು, ಜಮಾ ಬರೆದವನು ನಾನೇ.

ಜುಮುರ್ರುದ್ ಮೊದಲು ಕಾಗದದ ಕಡೆಯವನು.
ಶಾರ್ಜಾದಲ್ಲಿ ಇಂಗ್ಲಿಷರ ಬಾವುಟದ ಕಂಬವಿದೆಯಂತೆ,
ಅಪ್ಪಿಕೊಂಡವನಿಗೆ ಬಿಡುಗಡೆಯ ಚೀಟಿಯಂತೆ.
ಹೋದ. ಅಪ್ಪಿಕೊಂಡ. ಚೀಟಿಯೂ ಸಿಕ್ಕಿತು.
ದಾರಿಯಲ್ಲಿ ಹಿಡಿದವರಿಗೆ ಓದು ಬರುತ್ತಿರಲಿಲ್ಲ.
ಈಗ ಒಂದು ಕಿವಿಯಿಲ್ಲ. ಆ ಕಡೆಯಿಂದ
ಕಡಲು ಚೆನ್ನಾಗಿ ಕೇಳಿಸುತ್ತದೆ ಅನ್ನುತ್ತಾನೆ.
ಎಲ್ಲರಿಗಿಂತ ಹೆಚ್ಚು ಚೂರಿ ಇಳಿಸಿದವನು ಅವನೇ.

ಹಗ್ಗಕ್ಕೊಂದು ಭಾಷೆ ಇದೆ.
ಒಂದು ಜಗ್ಗಿದರೆ, ಎಳೆ. ಎರಡು ಜಗ್ಗಿದರೆ, ಇನ್ನಷ್ಟು ಬಿಡು.
ಮೂರು ಜಗ್ಗುವುದು ಯಾವ ಹಡಗಿನಲ್ಲೂ ಇರಲಿಲ್ಲ.
ಈಗ ಐದು ಹಡಗಿನಲ್ಲಿದೆ.

ಶಂಬೆಯನ್ನು ಕೇಳಿದೆ, ತಳದಲ್ಲಿ ಅಷ್ಟು ಹೊತ್ತು ಏನು ಮಾಡುತ್ತೀರಿ?
ಚೂರಿ ಎಣಿಸುತ್ತೇವೆ. ಆಮೇಲೆ
ಅಲ್ಮಾಸ್ ಬಾಯಿ ತೆರೆದು ತಾಯಿ ಇಟ್ಟ ಹೆಸರು ಹೇಳುತ್ತಾನೆ,
ಉಸಿರು ದಂಡವಾದರೂ.
ಮೇಲಿದ್ದ ನನಗೆ ಕಂಡದ್ದು ಗುಳ್ಳೆ.
ಒಡೆದಾಗ ಕಿವಿಗೊಟ್ಟೆ. ನೀರು, ಅಷ್ಟೆ.

ಇವತ್ತಿಗೆ ತೇಮಾನು ಮೂವತ್ತೊಂಬತ್ತು.
ಇಷ್ಟೊಂದು ಚೂರಿ ಎಲ್ಲಿ ಹೋಗುತ್ತವೆ ಕರಾನಿ?
ಕಡಲು ತಿನ್ನುತ್ತದೆ ಅಂದೆ.
ಹಾಗಾದರೆ ನಿನ್ನ ಸಂಬಳದಲ್ಲಿ ಮುರಿದುಕೋ ಅಂದ ನಾಖುದಾ.
ಮುರಿದುಕೊಂಡೆ. ಕೂಸಿನ ಕ್ರಯಕ್ಕೆ
ಅದು ವಜಾ ಆಗುವುದಿಲ್ಲ, ಗೊತ್ತು.

ಒಂದು ಲೆಕ್ಕ ಕೂಡುತ್ತಿಲ್ಲ:
ಅವರ ಪಟ್ಟಿಯಲ್ಲಿ ನಾನು ಯಾವ ಕಡೆ?
ಕೇಳಲಿಲ್ಲ. ಅವರು ಹೇಳಲೂ ಇಲ್ಲ.
ಅಲ್ಮಾಸನ ಹಗ್ಗ ಎಳೆಯುವವನಿಗೆ ಜ್ವರವಂತೆ,
ನಾಳೆ ನೀನು ಹಿಡಿ ಅಂದರು.
ಹೋಗಿ ಮುಟ್ಟಿ ನೋಡಿದೆ, ಅವನ ಹಣೆ ತಣ್ಣಗಿತ್ತು.

ಅಂಗೈಗೆ ತುಫ್ಫಾಹಾ ಕೊಟ್ಟ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ.
ನಾತ ಹೋಗುವುದಿಲ್ಲ.
ಇವತ್ತು ಶುಕ್ರವಾರ.